ಬೇಡ ಎನ್ನಲು ಬರುವ ವಾಕ್ಯ: ಸಂಸ್ಥೆಯ ಮುನ್ನೋಟ ರೂಪಿಸುವವರಿಗೆ ಮಾರ್ಗದರ್ಶಿ

ನಾನು ಸಿಂಧನೂರು ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಗೆ (ರೈತರೇ ಷೇರು ಹಾಕಿ ಕಟ್ಟಿಕೊಂಡ ಕಂಪನಿ) ಮುಖ್ಯ ಕಾರ್ಯನಿರ್ವಾಹಕನಾಗಿ ಸೇರಿದಾಗ ಕಚೇರಿಯ ಗೋಡೆಯ ಮೇಲೆ ಒಂದು ಫ್ಲೆಕ್ಸ್ ಇತ್ತು. ‘ನಮ್ಮ ದೂರದೃಷ್ಟಿ’ ಎಂಬ ತಲೆಬರಹದ ಕೆಳಗೆ ‘ರೈತರ ಸಮಗ್ರ ಅಭಿವೃದ್ಧಿ ಮತ್ತು ಆರ್ಥಿಕ ಸಬಲೀಕರಣ’ ಎಂದು ಹಸಿರು ಅಕ್ಷರಗಳಲ್ಲಿ ಮುದ್ರಿಸಿದ್ದರು. ಎರಡನೆಯ ವರ್ಷ ಖಾರದಪುಡಿ ಘಟಕಕ್ಕೆ ಅರ್ಧ ಹಣ ಸಹಾಯಧನವಾಗಿ ಸಿಗುತ್ತದೆಂಬ ಸುದ್ದಿ ಬಂತು. ನಮ್ಮ ಸದಸ್ಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಭತ್ತ ಬೆಳೆಯುವವರು. ಮೆಣಸಿನಕಾಯಿ ಇದ್ದದ್ದು ಎಲ್ಲೋ ಕೆಲವರ ಹೊಲದಲ್ಲಿ. ಆದರೂ ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಘಟಕ ಮೊದಲ ಹಂಗಾಮಿನಲ್ಲಿ ಮೂರು ವಾರ ಓಡಿತು. ಆಮೇಲೆ ಅದರ ಮೇಲೆ ಖಾಲಿ ಗೋಣಿಚೀಲ ಪೇರಿಸಿಡಲು ಆರಂಭಿಸಿದೆವು. ಬ್ಯಾಂಕಿನ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತಿತ್ತು.

ವಾರ್ಷಿಕ ಮಹಾಸಭೆಯಲ್ಲಿ ಈ ಲೆಕ್ಕ ಓದಿದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು ಗೋಡೆಯತ್ತ ಕೈ ಮಾಡಿ, “ತಮ್ಮಾ, ಆ ಬೋರ್ಡಿನ ಮ್ಯಾಲ ಬರ್ದದ್ದು ನಮ್ಮೂರಿಗೂ ಆಗ್ತದ, ಬಾಜೂ ಊರಿಗೂ ಆಗ್ತದ, ಇಡೀ ದೇಶಕ್ಕೂ ಆಗ್ತದ. ಹಂಗಿದ್ದ ಮ್ಯಾಲ ಅದು ನಮ್ಮದು ಹೆಂಗಾತು?” ಎಂದು ಕೇಳಿದರು. ಆ ದಿನ ನನ್ನ ಬಳಿ ಉತ್ತರವಿರಲಿಲ್ಲ. ಅವರ ಪ್ರಶ್ನೆಯನ್ನು ಹಿಡಿದುಕೊಂಡು ಮುಂದಿನ ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ರೈತ ಕಂಪನಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ ಹಾಲು ಉತ್ಪಾದಕರ ಸಂಘ, ಸ್ವಸಹಾಯ ಸಂಘಗಳ ಒಕ್ಕೂಟ, ಸಣ್ಣ ಶಿಕ್ಷಣ ಸಂಸ್ಥೆಗಳನ್ನು ನಡೆಸುವವರೂ ಇದನ್ನು ತಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಬಹುದು.

ಸಂಸ್ಥೆಯ ಕೆಲಸ ಕೈಗೂಡಿದ ದಿನ ಅದರ ಜನರ ಬದುಕು ಹೇಗೆ ಕಾಣುತ್ತದೆ ಎಂಬುದರ ಚಿತ್ರವೇ ಮುನ್ನೋಟ. ಮುಂದಾಳಿಗೆ ಅದು ಹೆಚ್ಚಾಗಿ ಬೇಕಾಗುವುದು ‘ಬೇಡ’ ಎನ್ನುವುದಕ್ಕೆ ಎಂಬುದು ನನ್ನ ಅನುಭವ. ಹಣ, ಆಳು, ಸಮಯ ಮೂರೂ ಕಡಿಮೆಯಿರುವ ಸಂಸ್ಥೆಯ ಎದುರಿಗೆ ಬರುವ ಪ್ರಸ್ತಾವಗಳೆಲ್ಲ ನೋಡಲು ಒಳ್ಳೆಯವೇ ಆಗಿರುತ್ತವೆ. ಅವುಗಳಲ್ಲಿ ಯಾವುದನ್ನು ಕೈಬಿಡಬೇಕೆಂದು ತೀರ್ಮಾನಿಸಲು ಅಧ್ಯಕ್ಷರ ಮುಖದಾಕ್ಷಿಣ್ಯವೂ ಶಿಫಾರಸು ಮಾಡಿದವರ ವರ್ಚಸ್ಸೂ ಅಲುಗಾಡಿಸಲಾಗದ ಒಂದು ಅಳತೆಗೋಲು ಬೇಕಾಗುತ್ತದೆ.

ಮೊದಲ ಹೆಜ್ಜೆ: ಲೆಕ್ಕದ ಪುಸ್ತಕ ಮುಂದಿಟ್ಟುಕೊಳ್ಳಿ

ಮುನ್ನೋಟ ಬರೆಯಲು ಕಾರ್ಯಾಗಾರ ಕರೆಯುವ ಮುಂಚೆ ಕಳೆದ ಮೂರು ವರ್ಷಗಳ ಖಾತೆ ಪುಸ್ತಕವನ್ನೂ ನಡಾವಳಿ ಪುಸ್ತಕವನ್ನೂ ತೆಗೆದುಕೊಂಡು ಎರಡು ದಿನ ಕೂರಬೇಕು. ಹಣ ಎಲ್ಲಿಗೆ ಹೋಯಿತು, ಸಭೆಗಳಲ್ಲಿ ಯಾವ ವಿಷಯಕ್ಕೆ ಹೆಚ್ಚು ಹೊತ್ತು ಕಳೆಯಿತು, ಯಾವ ಠರಾವು ಮಾಡಿ ಮರೆತೆವು ಎಂಬ ಮೂರು ಪಟ್ಟಿಗಳನ್ನು ಮಾಡಿದರೆ, ನೀವು ಬರೆದಿರದಿದ್ದರೂ ಸಂಸ್ಥೆ ಈಗಾಗಲೇ ಯಾವ ದಿಕ್ಕಿನಲ್ಲಿ ನಡೆಯುತ್ತಿದೆ ಎಂಬುದು ತಾನಾಗಿ ಕಾಣುತ್ತದೆ. ನಮ್ಮ ನಡಾವಳಿ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬಂದ ಪದ ‘ಸಹಾಯಧನ’. ಭತ್ತದ ಮಾರಾಟದ ಚರ್ಚೆ ಮೂರು ವರ್ಷಗಳಲ್ಲಿ ನಾಲ್ಕೇ ಸಭೆಗಳಲ್ಲಿ ನಡೆದಿತ್ತು. ಅದನ್ನು ನೋಡಿದಾಗ ನನಗೆ ನಾಚಿಕೆಯೇ ಆಯಿತು ಎನ್ನಬೇಕು.

ಎರಡನೆಯ ಹೆಜ್ಜೆ: ಸದಸ್ಯರ ಕೈಯಿಂದ ಹಣ ಜಾರಿದ ಗಳಿಗೆಯನ್ನು ಕೇಳಿ

‘ನಿಮಗೆ ಏನು ಬೇಕು’ ಎಂದು ಕೇಳಿದರೆ ಜನ ಕೊಡುವ ಉತ್ತರ ಗೊತ್ತೇ ಇದೆ: ಒಳ್ಳೆಯ ಬೆಲೆ, ಸಾಲ, ಗೊಬ್ಬರ. ಇವು ಸುಳ್ಳಲ್ಲ, ಆದರೆ ಇವುಗಳಿಂದ ಮುನ್ನೋಟ ಹುಟ್ಟುವುದಿಲ್ಲ. ಅದರ ಬದಲು ‘ಹೋದ ಹಂಗಾಮಿನಲ್ಲಿ ನಿಮ್ಮ ಕೈಗೆ ಬರಬೇಕಾಗಿದ್ದ ಹಣ ಯಾವ ದಿನ, ಯಾವ ಜಾಗದಲ್ಲಿ, ಯಾರ ಎದುರು ತಪ್ಪಿಹೋಯಿತು’ ಎಂದು ಕೇಳಬೇಕು. ಮನೆಗೆ ಹೋಗಿ ಕೇಳಬೇಕು, ಒಬ್ಬೊಬ್ಬರನ್ನೇ ಕೇಳಬೇಕು, ಹೆಂಗಸರನ್ನು ಪ್ರತ್ಯೇಕವಾಗಿ ಕೇಳಬೇಕು.

ಒಂದು ಮನೆಯಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬರು ನಮ್ಮನ್ನು ಒಳಗೆ ಕರೆದು ಅಡುಗೆಮನೆಯ ಗೋಡೆ ತೋರಿಸಿದರು. ಅಲ್ಲಿ ಸೀಮೆಸುಣ್ಣದಲ್ಲಿ ಐದೈದು ಗೀಟುಗಳ ಗುಂಪುಗಳಿದ್ದವು. ಒಂದು ಗೀಟು ಎಂದರೆ ಒಂದು ಚೀಲ. ಕಟಾವಿನ ಯಂತ್ರ ಗದ್ದೆಯಿಂದ ಹೊರಬರುವ ಹೊತ್ತಿಗೆ ವ್ಯಾಪಾರಿಯ ಲಾರಿ ಬಂದು ನಿಂತಿತ್ತು, ಆಕಾಶದಲ್ಲಿ ಮೋಡವಿತ್ತು, ಒಣಹಾಕಲು ಕಣವಿರಲಿಲ್ಲ, ರಸ್ತೆಯ ಮೇಲೆ ಆಗಲೇ ಬೇರೆಯವರ ರಾಶಿ ಬಿದ್ದಿತ್ತು. ನಮ್ಮ ಕಡೆ ಭತ್ತದ ವ್ಯವಹಾರ ನಡೆಯುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ತೇವ ಹೆಚ್ಚಿದೆಯೆಂದು ಚೀಲಕ್ಕೆ ಎರಡು ಕಿಲೋ ಹೆಚ್ಚುವರಿ ತೂಗಿಸಿಕೊಂಡರಂತೆ. ಆಕೆ ಗೀಟುಗಳ ಕೆಳಗೆ ಅಡ್ಡಗೆರೆ ಎಳೆದು ಆ ಎರಡು ಕಿಲೋಗಳನ್ನೂ ಕೂಡಿಸಿಟ್ಟಿದ್ದರು. “ಅಳಿಸಿಲ್ರಿ, ಮುಂದಿನ ಸರ್ತಿ ನೆನಪಿರ್ಲಿ ಅಂತ ಬಿಟ್ಟೀನಿ” ಎಂದರು. ಸರ್ಕಾರದ ಖರೀದಿ ಕೇಂದ್ರಕ್ಕೆ ಒಯ್ಯೋಣವೆಂದರೆ ಅಲ್ಲಿ ತೇವಾಂಶ ಶೇಕಡಾ 17ನ್ನು ಮೀರುವಂತಿಲ್ಲ. ಯಂತ್ರದಿಂದ ಕೊಯ್ದ ಹಸಿ ಭತ್ತ ಆ ಮಟ್ಟಕ್ಕೆ ಇಳಿಯಬೇಕಾದರೆ ಬಿಸಿಲು, ಜಾಗ, ಆಳು ಎಲ್ಲವೂ ಬೇಕು. ಹೀಗೆ ಕೇಳುತ್ತಾ ಹೋದಾಗ ಮೂರರಲ್ಲಿ ಎರಡು ಪಾಲು ಮನೆಗಳವರು ಹೇಳಿದ್ದು ಹೆಚ್ಚುಕಡಿಮೆ ಇದೇ ಸಂಜೆಯ ಕಥೆ. ಬೆಲೆಯ ಬಗ್ಗೆ ನಾವು ಅಷ್ಟು ವರ್ಷ ಮಾಡಿದ ಭಾಷಣಗಳಲ್ಲಿ ಈ ಸಂಜೆ ಒಮ್ಮೆಯೂ ಬಂದಿರಲಿಲ್ಲ.

ಮೂರನೆಯ ಹೆಜ್ಜೆ: ಕಣ್ಣಿಗೆ ಕಟ್ಟುವಂತೆ ಒಂದೇ ವಾಕ್ಯ ಬರೆಯಿರಿ

ಇಷ್ಟಾದ ಮೇಲೆ ಬರೆಯಲು ಕೂರಬಹುದು. ವಾಕ್ಯದಲ್ಲಿ ಯಾರ ಬದುಕು, ಯಾವ ಊರುಗಳು, ಯಾವ ವರ್ಷದ ಹೊತ್ತಿಗೆ, ಏನು ಬದಲಾಗಿರುತ್ತದೆ ಎಂಬ ನಾಲ್ಕೂ ಇರಬೇಕು. ಮತ್ತು ಆ ವರ್ಷ ಬಂದಾಗ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಯಾರಾದರೂ ಹೇಳುವಂತಿರಬೇಕು. ನಾವು ಹಲವು ಸಲ ತಿದ್ದಿ ಕೊನೆಗೆ ಬರೆದದ್ದು ಹೀಗಿತ್ತು: ‘2030ರ ಹೊತ್ತಿಗೆ ನಮ್ಮ ಹನ್ನೆರಡು ಹಳ್ಳಿಗಳ ಯಾವ ಸದಸ್ಯರಿಗೂ ಹಸಿ ಭತ್ತವನ್ನು ಕೊಯ್ದ ದಿನವೇ ಮಾರಲೇಬೇಕಾದ ಒತ್ತಡ ಇರುವುದಿಲ್ಲ.’ ಸಬಲೀಕರಣ ಎಂಬ ಪದ ಇದರಲ್ಲಿಲ್ಲ ಎಂದು ಒಬ್ಬ ನಿರ್ದೇಶಕರಿಗೆ ಬೇಸರವಾಯಿತು. ಆದರೆ ಕಚೇರಿಯ ಕಸ ಗುಡಿಸುವವರಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರಿಗೂ ಅದು ಬಾಯಿಪಾಠವಾಗಿತ್ತು.

ವಾಕ್ಯ ಎಷ್ಟು ಹರಿತವಾಗಿರಬೇಕು ಎಂಬುದಕ್ಕೆ ಮದುರೆಯ ಅರವಿಂದ್ ಕಣ್ಣಿನ ಆಸ್ಪತ್ರೆಯ ಉದಾಹರಣೆಯನ್ನು ನಾನು ತರಬೇತಿಗಳಲ್ಲಿ ಕೊಡುತ್ತೇನೆ. ಡಾ. ಗೋವಿಂದಪ್ಪ ವೆಂಕಟಸ್ವಾಮಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ ಅದನ್ನು 11 ಹಾಸಿಗೆಗಳೊಂದಿಗೆ ಆರಂಭಿಸಿದರು. ತಪ್ಪಿಸಬಹುದಾದ ಕುರುಡುತನವನ್ನು ಇಲ್ಲವಾಗಿಸುವುದು ಅವರು ಇಟ್ಟುಕೊಂಡ ಮುನ್ನೋಟ. ‘ಉತ್ತಮ ಕಣ್ಣಿನ ಚಿಕಿತ್ಸೆ ಒದಗಿಸುವುದು’ ಎಂದು ಬರೆದಿದ್ದರೆ ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ಚೆನ್ನಾಗಿ ನೋಡಿಕೊಂಡು ತೃಪ್ತಿಪಡಬಹುದಾಗಿತ್ತು. ಕುರುಡುತನವನ್ನೇ ಎಣಿಸಲು ಹೊರಟವರು ಬಾಗಿಲಿಗೆ ಬಾರದವರನ್ನೂ ಎಣಿಸಬೇಕಾಗುತ್ತದೆ. ಹಾಗಾಗಿ ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಕರೆತರಬೇಕಾಯಿತು, ಹಣವಿಲ್ಲದವರಿಗೆ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು, ಹೊರದೇಶದಿಂದ ತರಿಸುವ ಕೃತಕ ಮಸೂರ ದುಬಾರಿಯೆಂದು 1992ರಲ್ಲಿ ಅದನ್ನು ತಾವೇ ತಯಾರಿಸುವ ಘಟಕ ಕಟ್ಟಬೇಕಾಯಿತು. ಆಸ್ಪತ್ರೆಯವರು ಕಾರ್ಖಾನೆ ಕಟ್ಟಿದ್ದು ನಮ್ಮ ಖಾರದಪುಡಿ ಘಟಕದಂತೆ ದಾರಿ ತಪ್ಪಿದ ಕೆಲಸವಲ್ಲ ಎಂದು ನಾವು ಹೇಳಲು ಸಾಧ್ಯವಾಗುವುದು ಆ ವಾಕ್ಯ ಅಷ್ಟು ನಿಖರವಾಗಿರುವುದರಿಂದ.

ಹತ್ತಿರದ ಉದಾಹರಣೆ ಬೇಕಾದರೆ ಕೊಪ್ಪಳದ ಹಿರೇಹಳ್ಳವಿದೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಹೂಳು, ಜಾಲಿ ತುಂಬಿದ್ದ ಆ ಹಳ್ಳವನ್ನು ಸ್ವಚ್ಛಗೊಳಿಸುವ ಕೆಲಸಕ್ಕೆ ಮುಂದಾದಾಗ ಜನ ಹಣ ಕೊಟ್ಟರು, ಯಂತ್ರ ಕೊಟ್ಟರು, ತಾವೇ ಬಂದು ನಿಂತರು. ಮಠದ ಮೇಲಿನ ಭಕ್ತಿ ದೊಡ್ಡ ಕಾರಣ, ಅದನ್ನು ಅಲ್ಲಗಳೆಯಲಾಗದು; ನಮ್ಮಂಥ ಸಂಸ್ಥೆಗಳಿಗೆ ಆ ಬಂಡವಾಳವೂ ಇಲ್ಲ. ಆದರೆ ಹರಿಯುವ ಹಳ್ಳ ಎಂಬ ಚಿತ್ರವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ‘ಜಲಸಂಪನ್ಮೂಲಗಳ ಸುಸ್ಥಿರ ನಿರ್ವಹಣೆ’ ಎಂದು ಕರೆದಿದ್ದರೆ ಎಷ್ಟು ಮಂದಿ ಸಲಿಕೆ ಹಿಡಿದು ಬರುತ್ತಿದ್ದರೋ ನೀವೇ ಊಹಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಮೂರು ಪ್ರಸ್ತಾವ ಇಟ್ಟು ತೂಗಿ ನೋಡಿ

ಬರೆದ ವಾಕ್ಯವನ್ನು ಫ್ಲೆಕ್ಸ್ ಮಾಡಿಸುವ ಮುಂಚೆ ಪರೀಕ್ಷಿಸಬೇಕು. ಪರೀಕ್ಷೆ ಸರಳವಾದದ್ದು: ನಿಮ್ಮ ಮೇಜಿನ ಮೇಲೆ ಸದ್ಯ ಇರುವ ಅಥವಾ ಹಿಂದೆ ಬಂದಿದ್ದ ಮೂರು ನಿಜವಾದ ಪ್ರಸ್ತಾವಗಳನ್ನು ತೆಗೆದುಕೊಂಡು, ಈ ವಾಕ್ಯ ಅವುಗಳಿಗೆ ಏನು ಹೇಳುತ್ತದೆ ಎಂದು ಕೇಳುವುದು. ಮೂರಕ್ಕೂ ಹೌದು ಎಂದರೆ ಅದು ಹಳೆಯ ಫ್ಲೆಕ್ಸಿನ ತಮ್ಮ ಎಂದು ತಿಳಿದು ಹರಿದುಹಾಕಬೇಕು.

ನಾವು ಇಟ್ಟ ಮೂರು ಪ್ರಸ್ತಾವಗಳು ಖಾರದಪುಡಿ ಘಟಕದ ವಿಸ್ತರಣೆ, ರಸಗೊಬ್ಬರದ ಅಂಗಡಿ ಮತ್ತು ಭತ್ತ ಒಣಗಿಸುವ ಯಂತ್ರದೊಂದಿಗೆ ಗೋದಾಮು. ಮೊದಲನೆಯದಕ್ಕೆ ವಾಕ್ಯ ಸ್ಪಷ್ಟವಾಗಿ ಬೇಡ ಎಂದಿತು, ಮೂರನೆಯದಕ್ಕೆ ಹೌದು ಎಂದಿತು. ಒಣಗಿದ ಭತ್ತವನ್ನು ಉಗ್ರಾಣದಲ್ಲಿಟ್ಟು ಅದರ ರಸೀದಿಯ ಮೇಲೆ ಅಡಮಾನ ಸಾಲ ಪಡೆದರೆ ಸದಸ್ಯರ ಮನೆಖರ್ಚು ನಡೆಯುತ್ತದೆ, ಮಾರುವ ದಿನವನ್ನು ಅವರೇ ಆರಿಸಿಕೊಳ್ಳಬಹುದು. ಜಗಳವಾದದ್ದು ಎರಡನೆಯದರ ಮೇಲೆ. ಗೊಬ್ಬರ ಮಾರಿದರೆ ಹಸಿ ಭತ್ತದ ಸಮಸ್ಯೆ ಬಗೆಹರಿಯುವುದಿಲ್ಲ, ನಿಜ. ಆದರೆ ಸಂಬಳಕ್ಕೆ ಹಣ ಬರುವ ದಾರಿ ಬೇರೆ ಇರಲಿಲ್ಲ. ಮೂರು ಸಭೆಗಳ ನಂತರ ಅಂಗಡಿಯನ್ನು ಇಟ್ಟುಕೊಂಡೆವು. ಅದರ ಲಾಭದ ನಿಗದಿತ ಪಾಲು ಗೋದಾಮಿನ ನಿಧಿಗೆ ಹೋಗಬೇಕು, ಅಂಗಡಿಗಾಗಿ ಹೊಸ ಸಾಲ ಮಾಡಬಾರದು ಎಂಬ ಎರಡು ಷರತ್ತುಗಳನ್ನು ಠರಾವಿನಲ್ಲಿ ಬರೆಸಿದೆವು. ಮುನ್ನೋಟಕ್ಕೆ ನೇರವಾಗಿ ಸೇರದ ಕೆಲಸವನ್ನು ಕೆಲವೊಮ್ಮೆ ಹೊಟ್ಟೆಪಾಡಿಗಾಗಿ ಮಾಡಬೇಕಾಗುತ್ತದೆ. ಅದನ್ನು ಹೊಟ್ಟೆಪಾಡಿನದ್ದು ಎಂದೇ ನಡಾವಳಿಯಲ್ಲಿ ಬರೆದಿಟ್ಟರೆ ಮುಂದೆ ಅದೇ ಸಂಸ್ಥೆಯಾಗಿಬಿಡುವ ಅಪಾಯ ಕಡಿಮೆ.

ಐದನೆಯ ಹೆಜ್ಜೆ: ನಾಲ್ಕನೆಯ ವರ್ಷದ ಸಂಬಳ

ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಡಿ ಆಡಳಿತ ವೆಚ್ಚಕ್ಕೆ ಒಂದು ಸಂಸ್ಥೆಗೆ ಮೂರು ವರ್ಷಗಳಲ್ಲಿ ಗರಿಷ್ಠ 18 ಲಕ್ಷ ರೂಪಾಯಿ ಸಿಗುತ್ತದೆ. ಸದಸ್ಯರ ಷೇರು ಹಣಕ್ಕೆ ಸಮನಾಗಿ ತಲಾ 2,000 ರೂಪಾಯಿಯವರೆಗೆ, ಒಟ್ಟು 15 ಲಕ್ಷ ಮೀರದಂತೆ ಅನುದಾನವೂ ಇದೆ. ಅಂದರೆ ನಾಲ್ಕನೆಯ ವರ್ಷದಿಂದ ಸಂಬಳವನ್ನು ಸಂಸ್ಥೆಯೇ ದುಡಿಯಬೇಕು. ಆದ್ದರಿಂದ ಮುನ್ನೋಟದ ಕೆಳಗೆ ಒಂದು ಹಾಳೆಯಲ್ಲಿ ವರ್ಷವಾರು ಹಣದ ಮೂಲವನ್ನು ಬರೆಯಿರಿ. ಸಹಾಯಧನ ಸಿಕ್ಕರೆ ಮಾತ್ರ ನಿಲ್ಲುವ ಮುನ್ನೋಟ ಬೇರೆಯವರ ಯೋಜನೆಯ ನೆರಳಷ್ಟೇ. ಯೋಜನೆ ಸರಿದಾಗ ಅದೂ ಸರಿಯುತ್ತದೆ.

ಆರನೆಯ ಹೆಜ್ಜೆ: ತೂಬಿನ ಬಳಿ ನಿಂತವನಿಗೂ ಗೊತ್ತಿರಲಿ

ಎಲ್ಲ ಹೆಜ್ಜೆಗಳಲ್ಲಿ ಕಷ್ಟದ್ದು ಇದು. ನಮ್ಮ ಭಾಗದವರಿಗೆ ಇದನ್ನು ವಿವರಿಸಲು ತುಂಗಭದ್ರಾ ಎಡದಂಡೆ ಕಾಲುವೆಗಿಂತ ಒಳ್ಳೆಯ ಪಾಠವಿಲ್ಲ. ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಎಡದಂಡೆಯ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದವಿದ್ದು ಈಗಿನ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಮೂಲಕ ಸಾಗುತ್ತದೆ. ಅದನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಬರಗಾಲದ ನಾಡಿಗೆ ತೆಳ್ಳಗೆ ಹರಡುವ ನೀರು: ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆಗಳಿಗೆ ಹೆಚ್ಚಿನ ಜಮೀನು, ಭತ್ತಕ್ಕೆ ಸ್ವಲ್ಪ ಮಾತ್ರ. ನಕ್ಷೆಯಲ್ಲಿ ಪ್ರತಿ ಜಮೀನಿಗೂ ಬೆಳೆಯ ಗುರುತು ಹಾಕಿದ್ದರು. ಮುನ್ನೋಟವಾಗಿ ಅದು ಉದಾರವಾದದ್ದು, ನ್ಯಾಯವಾದದ್ದು.

ಆದರೆ ಗಂಗಾವತಿ, ಕಾರಟಗಿ ಕಡೆಯ ಮೇಲ್ಭಾಗದಲ್ಲಿ ನೀರು ಕಣ್ಣೆದುರು ಹರಿಯುವಾಗ ಜೋಳ ಬಿತ್ತಬೇಕು ಎಂಬ ಮಾತನ್ನು ರೈತ ಏಕೆ ಕೇಳಬೇಕಿತ್ತು? ಭತ್ತದಲ್ಲಿ ಹಣ ಕಂಡಿತು, ಗದ್ದೆಗಳು ಹಬ್ಬಿದವು, ಅಕ್ಕಿ ಗಿರಣಿಗಳು ಬಂದವು, ಗಂಗಾವತಿ ಭತ್ತದ ಕಣಜ ಎನಿಸಿಕೊಂಡಿತು. ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ರೈತರು ತಮ್ಮ ಪಾಲಿನ ನೀರಿಗಾಗಿ ಇಂದಿಗೂ ರಸ್ತೆಗೆ ಇಳಿಯಬೇಕಾಗಿದೆ. ಮೇಲ್ಭಾಗದ ರೈತರನ್ನು ದೂರಿ ಪ್ರಯೋಜನವಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಾಟಿ ಮಾಡುತ್ತಿದ್ದೆ. ಮುನ್ನೋಟ ನಕ್ಷೆಯಲ್ಲಿತ್ತು, ತೀರ್ಮಾನ ಪ್ರತಿದಿನ ತೂಬಿನ ಬಳಿ ಆಗುತ್ತಿತ್ತು, ಮತ್ತು ತೂಬಿನ ಬಳಿ ನಿಂತವನಿಗೆ ಆ ಮುನ್ನೋಟದಲ್ಲಿ ತನಗೇನು ಸಿಗುತ್ತದೆ ಎಂಬುದನ್ನು ಯಾರೂ ಒಪ್ಪಿಸಿರಲಿಲ್ಲ.

ನಿಮ್ಮ ಸಂಸ್ಥೆಯ ತೂಬು ಎಲ್ಲಿದೆ ಎಂದು ಹುಡುಕಿ. ನಮ್ಮಲ್ಲಿ ಅದು ತೂಕದ ಯಂತ್ರದ ಬಳಿ ಇತ್ತು. ಗೋದಾಮು ಶುರುವಾದ ಹೊಸತರಲ್ಲಿ ದೊಡ್ಡ ಹಿಡುವಳಿಯ ಒಬ್ಬರ ನೂರಾರು ಚೀಲ ಮತ್ತು ಸಣ್ಣ ರೈತರೊಬ್ಬರ ಇಪ್ಪತ್ತು ಚೀಲ ಒಂದೇ ಸಂಜೆ ಬಂದರೆ ಒಣಗಿಸುವ ಯಂತ್ರಕ್ಕೆ ಮೊದಲು ಯಾವುದು ಹೋಗಬೇಕು ಎಂಬುದನ್ನು ಅಲ್ಲಿ ನಿಂತ ಹುಡುಗನೇ ನಿರ್ಧರಿಸುತ್ತಿದ್ದ. ಯಾರ ಧ್ವನಿ ದೊಡ್ಡದೋ ಅವರದು ಮೊದಲು. ಆಗ ನಾವು ಆ ಹುಡುಗನನ್ನೂ ಹಮಾಲರ ಮೇಸ್ತ್ರಿಯನ್ನೂ ಆಡಳಿತ ಮಂಡಳಿಯ ಸಭೆಗೆ ಕೂರಿಸಿಕೊಂಡು ವಾಕ್ಯವನ್ನು ಓದಿ, ‘ಕೊಯ್ದ ದಿನವೇ ಮಾರಲೇಬೇಕಾದ ಒತ್ತಡ ಯಾರಿಗೆ ಹೆಚ್ಚು’ ಎಂದು ಕೇಳಿದೆವು. ಮೇಸ್ತ್ರಿ ತಡಮಾಡದೆ ಉತ್ತರ ಕೊಟ್ಟರು: ಮನೆಯಲ್ಲಿ ಜಾಗವಿಲ್ಲದವರಿಗೆ. ಅಂದಿನಿಂದ ಮೊದಲ ಸರದಿ ಸಣ್ಣ ರಾಶಿಗೆ ಎಂಬ ನಿಯಮವಾಯಿತು, ಅದನ್ನು ತೂಕದ ಯಂತ್ರದ ಮೇಲೆ ಬಣ್ಣದಲ್ಲಿ ಬರೆಸಿದೆವು. ದೊಡ್ಡ ಹಿಡುವಳಿದಾರರಲ್ಲಿ ಇಬ್ಬರು ಮುನಿಸಿಕೊಂಡು ಷೇರು ವಾಪಸು ಕೇಳಿದರು. ಕೊಟ್ಟೆವು.

ಸಂಸ್ಥೆಯ ಪ್ರತಿಯೊಬ್ಬ ಕೆಲಸಗಾರನಿಗೂ ಹೀಗೆ ಒಂದೊಂದು ನಿಯಮ ಬೇಕಾಗುತ್ತದೆ. ಲೆಕ್ಕಿಗನಿಗೆ ಒಂದು, ಚಾಲಕನಿಗೆ ಒಂದು. ಮುನ್ನೋಟದಿಂದ ಆ ನಿಯಮದವರೆಗೆ ದಾರಿ ಬಿಡಿಸಿ ತೋರಿಸಲು ಬಾರದಿದ್ದರೆ ಮೂರನೆಯ ಹೆಜ್ಜೆಗೆ ಹಿಂದಿರುಗಿ.

ಏಳನೆಯ ಹೆಜ್ಜೆ: ಹೂಳು ಮತ್ತು ಸರಪಳಿ

ತುಂಗಭದ್ರಾ ಅಣೆಕಟ್ಟೆ ಕಟ್ಟಿದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು; ಹೂಳು ತುಂಬಿ ಅದೀಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಹೆಚ್ಚುವರಿ ನೀರನ್ನು ಹೊರಬಿಡುವ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಈ ಭಾಗದ ಪ್ರತಿ ಮನೆಯಲ್ಲೂ ಆ ರಾತ್ರಿ ಅದೇ ಮಾತಾಗಿತ್ತು. ಸಂಸ್ಥೆಗಳಲ್ಲೂ ಮುನ್ನೋಟ ಸವೆಯುವುದು ಈ ಎರಡು ಬಗೆಯಲ್ಲಿ: ಸಣ್ಣ ಸಣ್ಣ ರಿಯಾಯಿತಿಗಳು ವರ್ಷವರ್ಷ ಹೂಳಿನಂತೆ ಕೂರುತ್ತವೆ, ಇಲ್ಲವೇ ಎಲ್ಲವನ್ನೂ ಹಿಡಿದಿದ್ದ ಒಬ್ಬ ವ್ಯಕ್ತಿ ಬಿಟ್ಟುಹೋದಾಗ ಒಂದೇ ರಾತ್ರಿಯಲ್ಲಿ ಬರಿದಾಗುತ್ತದೆ.

ಹೂಳಿಗೆ ಮದ್ದು ವರ್ಷಕ್ಕೊಮ್ಮೆಯ ಲೆಕ್ಕ. ಮಹಾಸಭೆಯಲ್ಲಿ ಲಾಭನಷ್ಟದ ಜೊತೆಗೆ, ಈ ವರ್ಷ ಎಷ್ಟು ಸದಸ್ಯರು ಕೊಯ್ದ ದಿನವೇ ಹಸಿ ಭತ್ತ ಮಾರಿದರು ಎಂಬ ಒಂದು ಸಂಖ್ಯೆಯನ್ನು ಓದಬೇಕು, ಹಾಗೂ ಈ ವರ್ಷ ಯಾವ ಪ್ರಸ್ತಾವಗಳಿಗೆ ಬೇಡ ಎಂದೆವು ಎಂಬ ಪಟ್ಟಿಯನ್ನೂ ಓದಬೇಕು. ಪಟ್ಟಿ ಖಾಲಿಯಾಗಿದ್ದರೆ ಸದಸ್ಯರು ಪ್ರಶ್ನೆ ಕೇಳಲಿ.

ಸರಪಳಿಯದು ಬೇರೆ ಸಮಸ್ಯೆ. ಉತ್ಪಾದಕ ಕಂಪನಿಯಲ್ಲಿ 5ರಿಂದ 15 ನಿರ್ದೇಶಕರಿರಬೇಕು, ಅವರ ಅವಧಿ ಒಂದರಿಂದ ಐದು ವರ್ಷ. ಅಂದರೆ ವಾಕ್ಯ ಬರೆದವರೆಲ್ಲ ಅದು ಕೈಗೂಡುವ ವರ್ಷದಲ್ಲಿ ಕುರ್ಚಿಯಲ್ಲಿ ಇರುವುದಿಲ್ಲ. ಹೊಸ ನಿರ್ದೇಶಕರು ಬಂದ ಮೊದಲ ತಿಂಗಳಲ್ಲೇ ಅವರನ್ನು ಎರಡನೆಯ ಹೆಜ್ಜೆಯ ಮನೆಗಳಿಗೆ ಕರೆದೊಯ್ಯಿರಿ. ವಾಕ್ಯ ಹುಟ್ಟಿದ ಗೋಡೆಯನ್ನು ನೋಡದವರಿಗೆ ಅದನ್ನು ಕಾಯುವ ಮನಸ್ಸು ಬರುವುದು ಕಷ್ಟ. ವಾಕ್ಯವನ್ನು ಬದಲಾಯಿಸಬೇಕಾದ ಸಂದರ್ಭವೂ ಬರಬಹುದು, ನೀರಿನ ಲಭ್ಯತೆಯೇ ಬದಲಾದರೆ ಭತ್ತದ ಮೇಲೆ ನಿಂತ ಮುನ್ನೋಟ ಎಷ್ಟು ದಿನ ನಿಂತೀತು? ಆದರೆ ಆ ಬದಲಾವಣೆ ಮಹಾಸಭೆಯಲ್ಲಿ, ಕಾರಣ ಬರೆದು ಆಗಬೇಕು. ಅಧ್ಯಕ್ಷರು ಬದಲಾದರೆಂದು ವಾಕ್ಯ ಬದಲಾಗಬಾರದು.

ಈ ಕೆಲಸಕ್ಕೆ ನಮ್ಮ ಕಡೆ ಸೂಕ್ತವಾದ ಕಾಲ ಏಪ್ರಿಲ್‌ನಿಂದ ಜೂನ್. ಎರಡನೆಯ ಬೆಳೆಯ ಭತ್ತ ಕೈಗೆ ಬಂದಿರುತ್ತದೆ, ಕಾಲುವೆಗೆ ನೀರು ಬಿಟ್ಟಿರುವುದಿಲ್ಲ, ನಷ್ಟದ ನೆನಪು ಹಸಿಯಾಗಿರುತ್ತದೆ. ಲೆಕ್ಕ ಓದಲು ಒಂದು ವಾರ, ಮನೆಗಳಿಗೆ ಹೋಗಲು ಮೂರು ವಾರ, ಬರೆದು ತೂಗಿ ನೋಡಲು ನಾಲ್ಕು ಸಭೆ ಇಟ್ಟುಕೊಂಡರೆ ನಾಟಿಗೆ ಮುಂಚೆ ಮುಗಿಯುತ್ತದೆ. ವಾಕ್ಯ ಒಪ್ಪಿಗೆಯಾದ ಮೇಲೆ ಅದನ್ನು ಹೊಸ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಕೈಯಲ್ಲೇ ಬರೆಸಿ ಎಲ್ಲ ನಿರ್ದೇಶಕರ ಸಹಿ ಹಾಕಿಸಿ. ಫ್ಲೆಕ್ಸ್ ಮಾಡಿಸಲು ಒಂದು ವರ್ಷ ಕಾಯಿರಿ.